ಫೋನ್ ಅವನ ಕೈಗೆ ಕೊಡಿ

ಕಳೆದ ತಿಂಗಳು ಅರಸೀಕೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ರು. 'ಮೂರು ವಾರದಿಂದ ಸರಿಯಾಗಿ ಉಣ್ತಿಲ್ಲ, ರಾತ್ರಿಯೆಲ್ಲ ಎದ್ದಿರ್ತಾನೆ ಕಣೋ. ದೃಷ್ಟಿ ತೆಗೆದಿದ್ದೂ ಆಯ್ತು.' ಹುಡುಗ ಸೆಕೆಂಡ್ ಪಿಯುಸಿ. ಪರೀಕ್ಷೆ ಟೆನ್ಶನ್ ಇರಬೇಕೆಂದು ನಾನು ಓದೋಕೆ ಟೈಮ್‌ಟೇಬಲ್ ಮಾಡಿ ಕಳಿಸಿದೆ. ಎಂಜಿನಿಯರ್ ಬುದ್ಧಿ ನೋಡಿ!

ಶನಿವಾರ ಊರಿಗೆ ಹೋದಾಗ ಅವನೇ ಹೇಳಿದ: 'ಅಣ್ಣಾ, ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ.' ನನಗೆ ಮಾತೇ ಹೊರಡಲಿಲ್ಲ. ರಾತ್ರಿ ಹನ್ನೊಂದಾಗಿತ್ತು. 14416ಕ್ಕೆ ಫೋನ್ ಹಚ್ಚಿದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ-ಮಾನಸ್ ಅದು. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನೇ ಎಲ್ಲ ವಿವರಿಸಲು ಹೊರಟರೆ ಆಪ್ತಸಮಾಲೋಚಕಿ, 'ಫೋನ್ ಅವನ ಕೈಗೆ ಕೊಡಿ ಸರ್, ನೀವು ಸ್ವಲ್ಪ ಹೊರಗಿರಿ' ಅಂದರು. ನಲವತ್ತು ನಿಮಿಷ ಜಗುಲಿ ಮೇಲೆ ಕೂತಿದ್ದೆ.

ಮನೋವೈದ್ಯರಿಗೆ ತೋರಿಸಿ ಅಂದಿದ್ದರು. ಚಿಕ್ಕಮ್ಮನ ಭಯವೇ ಬೇರೆ: 'ನಾಳೆ ಕೆಲಸಕ್ಕೆ, ಮದುವೆಗೆ ತೊಂದರೆ ಆಗಲ್ವೇನೋ?' ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ ಎಂದೆ. ಸುಮ್ಮನಾದರು, ಒಪ್ಪಿದರು ಅಂತಲ್ಲ.

ಸೋಮವಾರ ಹಾಸನದ ಆಸ್ಪತ್ರೆಯಲ್ಲಿ ಚೀಟಿಗೆ ಸಾಲಿನಲ್ಲಿ ನಿಂತಾಗಲೂ ಸೆರಗನ್ನು ತಲೆ ಮೇಲೆ ಎಳೆದುಕೊಂಡೇ ಇದ್ದರು. ಡಾಕ್ಟರು ಹುಡುಗನನ್ನು ಒಬ್ಬನನ್ನೇ ಒಳಗೆ ಕರೆದರು. ಹೊರಗೆ ಬಂದವನು ಇಡ್ಲಿ ಕೇಳಿದ.