ಹಡಗಿನಲ್ಲಿರುವ ಅಮ್ಮನಿಗೆ ಏನು ಬರೆಯಲಿ?

ಹಾಸ್ಟೆಲಿನಲ್ಲಿದ್ದ ದಿನಗಳಲ್ಲಿ ನನಗೆ ವಾರಕ್ಕೊಂದು ನೀಲಿ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ‘ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಶುರುವಾಗಿ, ಹಸು ಕರು ಹಾಕಿದ್ದು, ಹಿತ್ತಲಿನ ನುಗ್ಗೆಮರ ಗಾಳಿಗೆ ಮುರಿದದ್ದು, ಪಕ್ಕದ ಮನೆಯ ಮದುವೆಯ ಊಟ ಎಲ್ಲವೂ ಅದರಲ್ಲಿರುತ್ತಿದ್ದವು. ಒಂದು ವರ್ಷ ಮಾತ್ರ ಅಜ್ಜಿ ಹಾಸಿಗೆ ಹಿಡಿದ ಸಂಗತಿಯನ್ನು ಬರೆಯಲಿಲ್ಲ. ಪರೀಕ್ಷೆ ಹತ್ತಿರವಿದೆ, ಹುಡುಗನ ಮನಸ್ಸು ಕೆಡುವುದು ಬೇಡ ಎಂಬ ಕಾಳಜಿ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಮಂಚ ಖಾಲಿಯಿತ್ತು. ಪರೀಕ್ಷೆಯಲ್ಲಿ ಬಂದ ಅಂಕ ಇಂದು ನೆನಪಿಲ್ಲ. ಆ ಖಾಲಿ ಮಂಚ ನೆನಪಿದೆ.

ದೂರದಲ್ಲಿರುವವರಿಗೆ ಏನನ್ನು ತಿಳಿಸಬೇಕು, ಏನನ್ನು ಮುಚ್ಚಿಡಬೇಕು? ಈ ಪ್ರಶ್ನೆಯನ್ನು ಪದೇ ಪದೇ ಎದುರಿಸುವ ಮನೆಗಳಿವೆ. ಅಮೆರಿಕದ ನೌಕಾಪಡೆಯ ಆಸ್ಪತ್ರೆ ಹಡಗುಗಳಲ್ಲಿ ಕೆಲಸ ಮಾಡುವವರ ಮನೆಗಳು ಅಂಥವು.

ಮರ್ಸಿ ಮತ್ತು ಕಂಫರ್ಟ್ ಎಂಬ ಈ ಎರಡು ಹಡಗುಗಳು ಮೊದಲು ತೈಲ ಸಾಗಿಸುತ್ತಿದ್ದವು. 1980ರ ದಶಕದಲ್ಲಿ ಅವನ್ನು ಆಸ್ಪತ್ರೆಗಳಾಗಿ ಮಾರ್ಪಡಿಸಲಾಯಿತು. ಒಂದೊಂದರ ಉದ್ದ ಸುಮಾರು 272 ಮೀಟರ್. ಒಂದೊಂದರಲ್ಲೂ 1000 ಹಾಸಿಗೆ, 12 ಶಸ್ತ್ರಚಿಕಿತ್ಸಾ ಕೊಠಡಿಗಳು. ಮೈಯೆಲ್ಲ ಬಿಳಿ, ಅದರ ಮೇಲೆ ದೊಡ್ಡ ಕೆಂಪು ಶಿಲುಬೆಗಳು. ಈ ಬಣ್ಣ ಅಂದಕ್ಕಾಗಿ ಬಳಿದದ್ದಲ್ಲ. ಆಸ್ಪತ್ರೆ ಹಡಗು ಹೀಗೆಯೇ ಕಾಣಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಅದೇ ಒಪ್ಪಂದದಲ್ಲಿ ಇನ್ನೊಂದು ನಿಯಮವೂ ಇದೆ: ಇಂಥ ಹಡಗು ತನ್ನ ಸಂದೇಶಗಳಿಗೆ ಗುಪ್ತ ಸಂಕೇತಗಳನ್ನು ಬಳಸುವಂತಿಲ್ಲ. ಯುದ್ಧದಲ್ಲಿ ಯಾರೂ ಅದರ ಮೇಲೆ ದಾಳಿ ಮಾಡಬಾರದು ಎಂದಾದರೆ ಅದೂ ಬಚ್ಚಿಡುವ ಆಟ ಆಡಬಾರದು ಎಂಬುದು ಇದರ ಹಿಂದಿನ ನ್ಯಾಯ.

ಹಡಗನ್ನು ನಡೆಸುವವರು ಸಮುದ್ರಕ್ಕೆ ಒಗ್ಗಿದ ನಾವಿಕರು. ಆದರೆ ಅದರಲ್ಲಿರುವ ಬಹುಪಾಲು ವೈದ್ಯರು, ದಾದಿಯರು ಮತ್ತು ಸಹಾಯಕರು ಉಳಿದ ದಿನಗಳಲ್ಲಿ ದಡದ ಮೇಲಿನ ನೌಕಾಪಡೆ ಆಸ್ಪತ್ರೆಗಳಲ್ಲೇ ಕೆಲಸ ಮಾಡುವವರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವವರು, ಮಕ್ಕಳ ಮನೆಗೆಲಸದ ಲೆಕ್ಕ ನೋಡುವವರು. ಕರೆ ಬಂದರೆ ಕೆಲವೇ ದಿನಗಳಲ್ಲಿ ಹೊರಡಬೇಕು.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ಕಂಫರ್ಟ್ ಹಡಗು ಬಾಲ್ಟಿಮೋರ್ ಬಂದರನ್ನು ಬಿಟ್ಟದ್ದು ಜನವರಿ 16ರಂದು. ನಡುವೆ ಸಿಕ್ಕಿದ್ದು ನಾಲ್ಕೇ ದಿನ. ಅಷ್ಟರಲ್ಲಿ ಪೆಟ್ಟಿಗೆ ಕಟ್ಟಬೇಕು, ಮಕ್ಕಳನ್ನು ಶಾಲೆಗೆ ಬಿಡುವವರು ಯಾರೆಂದು ಗೊತ್ತುಮಾಡಬೇಕು, ಬ್ಯಾಂಕಿನ ಕಾಗದ ಎಲ್ಲಿದೆಯೆಂದು ಹೇಳಬೇಕು. ಎಷ್ಟು ದಿನವೆಂಬ ಪ್ರಶ್ನೆಗೆ ಖಚಿತ ಉತ್ತರವಿಲ್ಲ. ಜನವರಿ 20ಕ್ಕೆ ಹಡಗು ಹೈಟಿ ತಲುಪಿತು. ಮುಂದಿನ ವಾರಗಳಲ್ಲಿ ಅದರಲ್ಲಿ 800ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು.

ಹಾಗೆ ದುಡಿದು ರಾತ್ರಿ ಮಲಗುವ ಮುನ್ನ ಒಬ್ಬ ತಾಯಿ ತನ್ನ ಮಗಳಿಗೆ ಏನು ಬರೆಯಬಹುದು? ಆ ದಿನ ಅವಳು ಆರೈಕೆ ಮಾಡಿದ್ದು ಮಗಳ ವಯಸ್ಸಿನದೇ ಹುಡುಗಿ, ಕಾಲು ಕಳೆದುಕೊಂಡವಳು. ಎಲ್ಲವನ್ನೂ ಬರೆದರೆ ಮಗು ಹೆದರೀತು. ಏನೂ ಆಗಿಲ್ಲವೆಂದರೆ ಸುಳ್ಳಾದೀತು. ಇತ್ತ ಮನೆಯಲ್ಲೂ ಅದೇ ಕಷ್ಟ. ಮಗ ಗಣಿತದಲ್ಲಿ ಫೇಲಾಗಿದ್ದಾನೆ, ತಾತನಿಗೆ ಎದೆನೋವು. ಹಡಗಿನಲ್ಲಿ ಅಷ್ಟು ಸಾವು ನೋವು ನೋಡುತ್ತಿರುವವಳಿಗೆ ಇದನ್ನೆಲ್ಲ ಹೇಳಬೇಕೇ ಎಂದು ಗಂಡ ಯೋಚಿಸುತ್ತಾನೆ.

ಈ ಗೊಂದಲಕ್ಕೆ ಆ ದೇಶದವರು ಕೆಲವು ದಾರಿಗಳನ್ನು ಕಂಡುಕೊಂಡಿದ್ದಾರೆ. ಮನೆಯಲ್ಲಿ ಸಾವೋ ತೀವ್ರ ಕಾಯಿಲೆಯೋ ಒದಗಿದರೆ ಮನೆಯವರು ರೆಡ್‌ಕ್ರಾಸ್ ಸಂಸ್ಥೆಗೆ ತಿಳಿಸುತ್ತಾರೆ. ಸಂಸ್ಥೆ ಆಸ್ಪತ್ರೆಯಲ್ಲಿ ವಿಚಾರಿಸಿ, ಸುದ್ದಿ ನಿಜವೆಂದು ಖಚಿತಪಡಿಸಿಕೊಂಡು ಹಡಗಿನ ಅಧಿಕಾರಿಗೆ ಮುಟ್ಟಿಸುತ್ತದೆ. ರಜೆ ಕೊಡುವ ತೀರ್ಮಾನ ಅಧಿಕಾರಿಯದು. ಸುದ್ದಿ ಮಾತ್ರ ತಲುಪುತ್ತದೆ.

ಗಾಳಿಸುದ್ದಿಗೆ ಮದ್ದಾಗಿ ಇನ್ನೊಂದು ಏರ್ಪಾಡಿದೆ. 1970ರಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಲ್ಮೊ ಜುಮ್‌ವಾಲ್ಟ್ ಪ್ರತಿ ಹಡಗಿನ ಕುಟುಂಬಗಳಿಗೂ ಒಬ್ಬ ‘ಓಂಬುಡ್ಸ್‌ಮನ್’ ಇರಬೇಕೆಂದು ಆಜ್ಞೆ ಹೊರಡಿಸಿದರು. ಸ್ವೀಡನ್ನಿನಿಂದ ಬಂದ ಪದ ಅದು. ಸಾಮಾನ್ಯವಾಗಿ ಹಡಗಿನವರೊಬ್ಬರ ಪತ್ನಿಯೋ ಪತಿಯೋ ಸಂಬಳವಿಲ್ಲದೆ ಈ ಹೊಣೆ ಹೊರುತ್ತಾರೆ. ಹಡಗಿನಿಂದ ಬಂದ ಸರಿಯಾದ ಸುದ್ದಿಯನ್ನು ಮನೆಗಳಿಗೆ, ಮನೆಗಳ ಕಷ್ಟವನ್ನು ಹಡಗಿನ ಕಪ್ತಾನನಿಗೆ ಮುಟ್ಟಿಸುವುದು ಅವರ ಕೆಲಸ. ಕಾಯುವ ಮನೆಗೆ ಕಾಯುವ ಇನ್ನೊಂದು ಮನೆಯ ಕಷ್ಟ ಬೇಗ ತಿಳಿಯುತ್ತದೆ.

ಮೂರನೆಯದು ನನಗೆ ಬಹಳ ಹಿಡಿಸಿದ ಕಥೆ. ವಿಯೆಟ್ನಾಂ ಯುದ್ಧಕಾಲದಲ್ಲಿ ಬೆಟ್ಟಿ ಮೋಲೆನ್‌ಬ್ರಾಕ್ ಎಂಬವರ ಪತಿ ನೌಕಾಪಡೆಯ ವೈದ್ಯರಾಗಿ ದೂರ ಹೋಗಿದ್ದರು. ಮರಳಿ ಬಂದಾಗ ಅವರ ಪುಟ್ಟ ಮಗಳಿಗೆ ತಂದೆಯ ಗುರುತೇ ಸಿಗಲಿಲ್ಲ. ಆ ನೋವನ್ನು ಮರೆಯದ ಬೆಟ್ಟಿ 1989ರಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ಒಂದು ಸಂಸ್ಥೆ ಆರಂಭಿಸಿದರು. ದೂರ ಹೋಗುವ ಸೈನಿಕರು, ನಾವಿಕರು ಮಕ್ಕಳ ಕಥೆಪುಸ್ತಕವೊಂದನ್ನು ಕ್ಯಾಮೆರಾದ ಮುಂದೆ ಗಟ್ಟಿಯಾಗಿ ಓದುತ್ತಾರೆ. ಅದರ ಚಿತ್ರಮುದ್ರಿಕೆ ಮನೆಗೆ ಹೋಗುತ್ತದೆ. ಮಗು ಮಲಗುವ ಹೊತ್ತಿಗೆ ಪುಸ್ತಕ ತೆರೆದು, ಅಪ್ಪನ ದನಿಯ ಜೊತೆ ಪುಟ ತಿರುಗಿಸುತ್ತದೆ. ಅಪ್ಪನ ಗುರುತೂ ಉಳಿಯಿತು, ಓದೂ ಸಾಗಿತು.

ಇನ್ನು ಹಳೆಯ ಅಂಚೆಯಂತೂ ಇದ್ದೇ ಇದೆ. ಹಡಗು ಯಾವ ಸಮುದ್ರದಲ್ಲೇ ಇರಲಿ, ನೌಕಾ ಅಂಚೆಯ ವಿಳಾಸ ಬರೆದು ದೇಶದೊಳಗಿನ ಪತ್ರಕ್ಕೆ ಹಚ್ಚುವಷ್ಟೇ ಅಂಚೆಚೀಟಿ ಹಚ್ಚಿದರೆ ಸಾಕು. ಕಾಗದ ತಲುಪಲು ವಾರಗಳೇ ಹಿಡಿಯಬಹುದು. ಈಗ ಇ-ಮೇಲ್ ಇದೆ, ಸಂಪರ್ಕ ಸಿಕ್ಕಾಗ ಮುಖ ನೋಡಿ ಮಾತನಾಡುವುದೂ ಸಾಧ್ಯ. ಆದರೂ ಭೂಗೋಳ ಬಿಡಬೇಕಲ್ಲ! ಇಂಡೊನೇಷ್ಯಾದ ಬಾಂಡಾ ಆಚೆಯಲ್ಲಿ ಬೆಳಿಗ್ಗೆ ಎಂಟು ಗಂಟೆಯಾದಾಗ, ಜನವರಿಯಲ್ಲಾದರೆ, ಸ್ಯಾನ್ ಡಿಯೇಗೊದಲ್ಲಿ ಹಿಂದಿನ ದಿನದ ಸಂಜೆ ಐದು. ಹದಿನೈದು ಗಂಟೆಗಳ ಅಂತರ. ತಾಯಿ ಕೆಲಸಕ್ಕೆ ಹೊರಡುವಾಗ ಮಗ ಶಾಲೆಯಿಂದ ಬಂದು ಕೂತಿರುತ್ತಾನೆ, ಅದೂ ನಿನ್ನೆಯ ದಿನದಲ್ಲಿ.

ಹಿಂತಿರುಗುವ ದಿನವೂ ಕೈಯಲ್ಲಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಮರ್ಸಿ ಹಡಗು 2005ರ ಜನವರಿಯಲ್ಲಿ ಸ್ಯಾನ್ ಡಿಯೇಗೊ ಬಿಟ್ಟು ಇಂಡೊನೇಷ್ಯಾಕ್ಕೆ ಹೋಯಿತು. ಆಚೆಯ ಕೆಲಸ ಮುಗಿಸಿ ಅದು ಮುಂದೆ ಸಾಗಿತ್ತು. ಮಾರ್ಚ್ 28ರಂದು ನಿಯಾಸ್ ದ್ವೀಪದಲ್ಲಿ ಭೂಕಂಪವಾಯಿತು. ಹಡಗಿಗೆ ಹಿಂದಕ್ಕೆ ತಿರುಗುವ ಆಜ್ಞೆ ಬಂತು. ಊರು ಸೇರಿದ್ದು ಜೂನ್ ತಿಂಗಳಲ್ಲಿ. ಕಾಗದದ ಸರಪಳಿ ಮಾಡಿ ದಿನಕ್ಕೊಂದು ಕೊಂಡಿ ಹರಿಯುತ್ತಾ ದಿನ ಎಣಿಸುವುದು ಅಲ್ಲಿನ ನಾವಿಕರ ಮಕ್ಕಳ ರೂಢಿ. ಅಂಥ ಸುದ್ದಿ ಬಂದ ದಿನ ಸರಪಳಿಗೆ ಹೊಸ ಕೊಂಡಿಗಳನ್ನು ಅಂಟಿಸಬೇಕಾಗುತ್ತದೆ. ಯಾಕೆಂದು ಮಗು ಕೇಳಿದರೆ, ಅಲ್ಲಿ ಇನ್ನೊಂದು ಮಗುವಿಗೆ ಪೆಟ್ಟಾಗಿದೆ ಎಂದು ಹೇಳಬೇಕು. ಮಗುವಿಗೆ ಇಷ್ಟು ಅರ್ಥವಾಗುತ್ತದೆ. ಮುಚ್ಚಿಟ್ಟರೆ ಮಾತ್ರ ಅಮ್ಮನಿಗೆ ತಾನು ಬೇಡವಾದೆ ಎಂದು ಅದು ತಾನೇ ಕಾರಣ ಕಟ್ಟಿಕೊಳ್ಳುತ್ತದೆ.

ನಮ್ಮ ನೌಕಾಪಡೆಯೂ ಅದೇ ಸುನಾಮಿಯ ಬಳಿಕ ಸಮುದ್ರ ಸಮೀಕ್ಷೆಯ ಹಡಗಾದ ಐಎನ್‌ಎಸ್ ನಿರೂಪಕ್ ಅನ್ನು ಆಸ್ಪತ್ರೆ ಹಡಗಾಗಿ ಸಜ್ಜುಗೊಳಿಸಿ ಇಂಡೊನೇಷ್ಯಾಕ್ಕೆ ಕಳುಹಿಸಿತ್ತು. ನಮ್ಮ ಕಾರವಾರದಲ್ಲೂ ನೌಕಾನೆಲೆಯಿದೆ. ಅಲ್ಲಿ ಸಮುದ್ರದ ಕಡೆ ನೋಡುತ್ತ ಕಾಯುವ ಮನೆಗಳಿವೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ತಂದೆಯರು, ಹಾಸ್ಟೆಲಿನಲ್ಲಿ ಓದುವ ಮಕ್ಕಳು ನಮ್ಮ ಊರೂರಲ್ಲೂ ಇದ್ದಾರೆ. ಹಾಗಾಗಿ ಈ ಪಾಠ ನಮಗೂ ಸಲ್ಲುತ್ತದೆ.

ತಂದೆತಾಯಿಗಳಲ್ಲಿ ಒಂದು ಮಾತು. ದೂರದ ಮಗುವಿಗೆ ಕೆಟ್ಟ ಸುದ್ದಿಯನ್ನು ಹೇಳುವ ಹೊತ್ತು, ಹೇಳುವ ರೀತಿ ನಿಮ್ಮದು. ಅದನ್ನು ಯೋಚಿಸಿ ಆರಿಸಿ. ಆದರೆ ಹೇಳಿ. ನಿಮ್ಮ ಮೌನ ಇಂದು ಮಗುವಿನ ನೆಮ್ಮದಿಯನ್ನು ಕಾಪಾಡಬಹುದು. ನಾಳೆ ನೀವು ಬರೆಯುವ ‘ಎಲ್ಲರೂ ಕ್ಷೇಮ’ ಎಂಬ ಮಾತನ್ನು ಅದು ನಂಬದೆ ಹೋಗಬಹುದು.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ಮನೆಯಿಂದ ಫೋನ್ ಬಂದಾಗ ‘ಊಟ ಆಯ್ತು, ಇಡ್ತೀನಿ’ ಎನ್ನಬೇಡಿ. ಇಂದು ಕಂಡ ಒಂದು ಸಣ್ಣ ಸಂಗತಿ ಹೇಳಿ. ಮೆಸ್ಸಿನ ಸಾರಿನಲ್ಲಿ ಉಪ್ಪಿರಲಿಲ್ಲ ಎಂದರೂ ಸರಿಯೆ. ದೂರದಲ್ಲಿರುವವರಿಗೆ ಅಂಥ ಸಣ್ಣ ಮಾತೇ ನೀವು ಪಕ್ಕದಲ್ಲಿ ಕೂತಂತೆ. ಅಮ್ಮನ ದನಿ ಎಂದಿಗಿಂತ ಮೆಲ್ಲಗಿದ್ದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಅಜ್ಜಿ ಹೇಗಿದ್ದಾರೆ? ನಿಜ ಹೇಳು.’ ನಾನು ಆಗ ಕೇಳಿರಲಿಲ್ಲ.