ಸ್ವಲ್ಪ ತಾಳಿ

ದೊಡ್ಡಬಳ್ಳಾಪುರದಲ್ಲಿ ಸೀರೆಯ ವ್ಯಾಪಾರದಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರ ಕಚೇರಿಯಲ್ಲಿ ಕಳೆದ ತಿಂಗಳು ಒಂದು ಗಳಿಗೆ ಕುಳಿತಿರುವ ಪ್ರಸಂಗ ಒದಗಿತು. ಕೊಠಡಿ ಚಿಕ್ಕದು, ನೂಲಿಗೆ, ಮಾರಾಟಕ್ಕೆ, ಲೆಕ್ಕಕ್ಕೆಂದು ಮೂರು ಮೇಜು, ಮೂರು ಫೋನು. ಇಬ್ಬರು ಊಟಕ್ಕೆ ಹೋಗಿದ್ದರು. ಉಳಿದ ಹುಡುಗಿಯು ಒಂದರಲ್ಲಿ ಮಾತನಾಡುತ್ತಿರಲು ಮತ್ತೊಂದು ಕೂಗಿತು, ಅದನ್ನೆತ್ತುವಷ್ಟರಲ್ಲಿ ಮೂರನೆಯದು. ಮೂವರಿಗೂ "ಸ್ವಲ್ಪ ತಾಳಿ" ಎಂದ ಆಕೆಯು, ಯಾರು ಏನು ಕೇಳಿದರೆಂಬುದನ್ನೇ ಮರೆತು ಕಣ್ಣು ತುಂಬಿಕೊಂಡಳು.

ಆ "ಸ್ವಲ್ಪ ತಾಳಿ"ಯ ಬೆಲೆಯನ್ನು ನಾವು ಬಲ್ಲೆವು. ಕೆಲವು ವರ್ಷಗಳ ಹಿಂದೆ, ನಮ್ಮ ಗೃಹಿಣಿಯ ಶಸ್ತ್ರಚಿಕಿತ್ಸೆಯ ದಿನವನ್ನು ದೃಢಪಡಿಸಿಕೊಳ್ಳಲು ಸಾಸಲಿನಿಂದ ಒಂದು ಆಸ್ಪತ್ರೆಗೆ ಫೋನು ಮಾಡಿದ್ದೆವು. ತಾಳಿರೆಂದವರು ತಿರುಗಿ ಬರಲಿಲ್ಲ. ಕಾಲು ಗಂಟೆ ಕಾದ ಮೇಲೆ ಸಂಪರ್ಕವೇ ಕಡಿಯಿತು. ಮರುದಿನ ನಸುಕಿನಲ್ಲಿ, ಉಪವಾಸವಿದ್ದಾಕೆಯನ್ನು ಎರಡು ಬಸ್ಸು ಹತ್ತಿಸಿ ಕರೆದೊಯ್ದೆವು. ವೈದ್ಯರು ಅಂದು ಬರುವುದಿಲ್ಲವಂತೆ! ಅದನ್ನು ಹೇಳಲು ಅರ್ಧ ನಿಮಿಷ ಸಾಕಾಗಿತ್ತು.

ಇಂತಹ ಇಕ್ಕಟ್ಟನ್ನೇ ನಮ್ಮ ಪೂರ್ವಿಕರು ಒಂದು ವಿದ್ಯೆಯನ್ನಾಗಿ ಬೆಳೆಸಿದರು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಸುತ್ತುವರಿದಿರುವರಷ್ಟೆ. ಆತನು ಎಲ್ಲರಿಗೂ ಏಕಕಾಲದಲ್ಲಿ ಉತ್ತರಿಸುವನೆಂದು ಕೆಲವರು ಭಾವಿಸುವುದುಂಟು, ಹಾಗಲ್ಲ. ಒಬ್ಬನಿಗೆ ಪದ್ಯದ ಒಂದು ಪಾದವನ್ನು ಪೂರ್ತಿಯಾಗಿ ಕೊಟ್ಟು ಇನ್ನೊಬ್ಬನತ್ತ ತಿರುಗುವನು; ಮುಂದಿನ ಸುತ್ತಿನಲ್ಲಿ ಬಿಟ್ಟ ಎಡೆಯಿಂದಲೇ ಎತ್ತಿಕೊಳ್ಳುವನು. ನಡುವೆ ಬಾಯಿ ಹಾಕಲೆಂದೇ ಅಪ್ರಸ್ತುತಪ್ರಸಂಗಿಯೊಬ್ಬನಿರುವನು. ಎರಡನೆಯ ಫೋನಿಗೆ ಇದಕ್ಕಿಂತ ಒಪ್ಪುವ ಹೆಸರು ನಮಗೆ ತೋರದು.

ಅವಧಾನಿಗೆ ಧಾರಣಶಕ್ತಿ ಬೇಕು. ಕಚೇರಿಗೆ ಒಂದು ಪುಸ್ತಕ ಸಾಕು. ಮೊದಲನೆಯವರನ್ನು "ತಾಳಬಹುದೇ?" ಎಂದು ಕೇಳಿ, ಅವರ ಉತ್ತರವನ್ನು ಕೇಳಿದ ಮೇಲೆಯೇ ಎರಡನೆಯದನ್ನು ಎತ್ತುವುದು, ಹೆಸರು, ಸಂಖ್ಯೆ, ವಿಷಯಗಳನ್ನು ಬರೆದುಕೊಂಡು, ಇಷ್ಟು ಹೊತ್ತಿಗೆ ನಾವೇ ಕರೆಯುವೆವೆಂದು ತಿಳಿಸಿ, ಕೂಡಲೇ ಮೊದಲನೆಯವರಿಗೆ ಮರಳುವುದು. ಕಾಯಿಲೆಯ ಸುದ್ದಿಯಾದರೆ ಮಾತ್ರ ಈ ಕ್ರಮವನ್ನು ಮುರಿಯತಕ್ಕದ್ದು. ಆ ಹುಡುಗಿಗೆ ಇಷ್ಟನ್ನು ಹೇಳಿದೆವು.

ಶಿಷ್ಯರಿಗೆ ಹೇಳಿದುದು ಬೇರೆ. ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗನು 1917ರಲ್ಲಿ, ಎಷ್ಟು ತಂತಿಗಳಿದ್ದರೆ ಎಷ್ಟು ಕರೆಗಳು ವ್ಯರ್ಥವಾಗುವುವೆಂಬುದಕ್ಕೆ ಸೂತ್ರವೊಂದನ್ನು ಪ್ರಕಟಿಸಿದನು. ಒಂದೊಂದು ಮೇಜಿಗೆ ಗಂಟೆಯಲ್ಲಿ ಸರಾಸರಿ ಅರ್ಧ ಗಂಟೆಯ ಮಾತಿನಷ್ಟು ಕರೆಗಳು, ಹೊತ್ತುಗೊತ್ತಿಲ್ಲದೆ, ಬರುತ್ತವೆನ್ನೋಣ. ಮೂರು ಫೋನುಗಳೂ ಬೇರೆಬೇರೆಯಾಗಿದ್ದರೆ ನೂರರಲ್ಲಿ 33 ಕರೆಗಳಿಗೆ "ಕಾರ್ಯನಿರತ"ವೆಂಬ ಉತ್ತರವೇ ಗತಿ. ಅದೇ ಮೂರನ್ನು ಒಂದೇ ಸಂಖ್ಯೆಗೆ ಸೇರಿಸಿ, ಒಂದು ತುಂಬಿದ್ದರೆ ಕರೆಯು ತಾನಾಗಿ ಮುಂದಿನದಕ್ಕೆ ಹರಿಯುವಂತೆ ಮಾಡಿದರೆ, ನೂರರಲ್ಲಿ ಸುಮಾರು 13 ಮಾತ್ರ ನಷ್ಟ. ನಾವು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆವು. ಆದರೆ ಮೂವರೂ ಸ್ಥಳದಲ್ಲಿರಬೇಕು. ಯಾರು ಎತ್ತಿದರೂ ಉತ್ತರ ಬಲ್ಲವರಾಗಿರಬೇಕು.

"ಲೆಕ್ಕದ ಗುಟ್ಟು ಎಲ್ಲರಿಗೂ ತಿಳಿಯಬಾರದಲ್ಲ, ಸಾರ್" ಎಂದರು ಶಿಷ್ಯರು. ಎರ್ಲಾಂಗನ ಸೂತ್ರದಲ್ಲಿ ಅದಕ್ಕೆ ಪರಿಹಾರವಿಲ್ಲ. ಊಟದ ಸರದಿಯನ್ನಾದರೂ ಬದಲಿಸುವೆನೆಂದು ಒಪ್ಪಿದರು.

ಮೊನ್ನೆ ಅಲ್ಲಿಗೆ ಫೋನು ಮಾಡಿದೆವು. ಅದೇ ಹುಡುಗಿ. "ತಾಳಬಹುದೇ, ಅಥವಾ ಹತ್ತು ನಿಮಿಷಕ್ಕೆ ನಾನೇ ಕರೆಯಲೇ?" ಎಂದಳು. ಒಂಬತ್ತನೆಯ ನಿಮಿಷಕ್ಕೆ ಕರೆ ಬಂದಿತು. ಅಷ್ಟರಲ್ಲಿ, ಏನು ಕೇಳಬೇಕೆಂದಿದ್ದೆವೋ ಅದನ್ನು ನಾವು ಮರೆತಿದ್ದೆವು. ಆಕೆಯೇ ಪುಸ್ತಕ ನೋಡಿ ಹೇಳಿದಳು.