ನಿರ್ಗಮನ ಮಾರ್ಗದ ಅನುಮತಿ ಮತ್ತು ವಿಮಾನ ಚಾಲಕರ ತಪ್ಪು ಗ್ರಹಿಕೆ: ಒಂದು ವಿಶ್ಲೇಷಣೆ

ವಾಣಿಜ್ಯ ವಿಮಾನ ಚಾಲಕ ಪರವಾನಗಿಗೆ ಅರ್ಜಿ ಸಲ್ಲಿಸುವ ಅಭ್ಯರ್ಥಿಗಳು ಹಾರಾಟದ ಗಂಟೆಗಳನ್ನು ಪೂರೈಸುವ ಬಗ್ಗೆ ತೋರುವಷ್ಟು ಕಾಳಜಿಯನ್ನು ರೇಡಿಯೋ ದೂರವಾಣಿ ಪರೀಕ್ಷೆಯ ಬಗ್ಗೆ ತೋರುವುದು ವಿರಳ. ಈ ಪರೀಕ್ಷೆಯು ಕೇವಲ ಔಪಚಾರಿಕವೆಂಬ ಭಾವನೆ ಹಲವರಲ್ಲಿದೆ. ಆದರೆ ನಾಗರಿಕ ವಿಮಾನಯಾನದ ಇತಿಹಾಸದಲ್ಲಿ ಅತಿ ಹೆಚ್ಚು ಜೀವಹಾನಿಗೆ ಕಾರಣವಾದ ಅಪಘಾತವು ಯಂತ್ರದೋಷದಿಂದ ಸಂಭವಿಸಿದ್ದಲ್ಲ. ಒಂದು ಬಗೆಯ ಅನುಮತಿಯನ್ನು ಮತ್ತೊಂದು ಬಗೆಯ ಅನುಮತಿಯೆಂದು ಗ್ರಹಿಸಿದ್ದೇ ಅದರ ಮೂಲದಲ್ಲಿತ್ತು.

ಎರಡು ಅನುಮತಿಗಳು

ವಿಮಾನವೊಂದು ನಿಲ್ದಾಣದಿಂದ ಹೊರಡುವ ಮುನ್ನ ವಾಯು ಸಂಚಾರ ನಿಯಂತ್ರಕರಿಂದ ಮಾರ್ಗದ ಅನುಮತಿಯನ್ನು ಪಡೆಯತಕ್ಕದ್ದು. ತಲುಪಬೇಕಾದ ಸ್ಥಳ, ಅನುಸರಿಸಬೇಕಾದ ನಿರ್ಗಮನ ಮಾರ್ಗದ ಹೆಸರು, ಆರಂಭದಲ್ಲಿ ಏರಬಹುದಾದ ಎತ್ತರ ಹಾಗೂ ರಾಡಾರ್‌ನಲ್ಲಿ ವಿಮಾನವನ್ನು ಗುರುತಿಸಲು ನೀಡುವ ನಾಲ್ಕು ಅಂಕಿಗಳ ಸಂಕೇತ ಇದರಲ್ಲಿ ಸೇರಿರುತ್ತವೆ. ವಿಮಾನವು ನೆಲ ಬಿಟ್ಟ ನಂತರ ಎಲ್ಲಿಗೆ, ಹೇಗೆ ಸಾಗಬೇಕೆಂಬುದನ್ನು ಮಾತ್ರ ಈ ಅನುಮತಿ ತಿಳಿಸುತ್ತದೆ. ರನ್‌ವೇ ಮೇಲೆ ಓಟ ಆರಂಭಿಸಲು ಪ್ರತ್ಯೇಕ ಅನುಮತಿ ಅಗತ್ಯ. ಚಾಲಕರು ತಾವು ಕೇಳಿಸಿಕೊಂಡದ್ದನ್ನು ಪುನರುಚ್ಚರಿಸಬೇಕು; ನಿಯಂತ್ರಕರು ಅದನ್ನು ಆಲಿಸಿ, ತಪ್ಪಿದ್ದಲ್ಲಿ ಸರಿಪಡಿಸಬೇಕು. ವ್ಯವಸ್ಥೆ ಸರಳವಾದುದು. ಆದರೆ ಎರಡೂ ಕಡೆಯವರು ತಾವು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುವ ಸಂಭವವಿರುವುದರಿಂದ ಅದು ಆಗಾಗ ವಿಫಲಗೊಳ್ಳುತ್ತದೆ.

ಟೆನೆರಿಫ್, 1977

1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್ ವಿಮಾನ ನಿಲ್ದಾಣದಲ್ಲಿ ಬಾಂಬ್ ಸ್ಫೋಟಗೊಂಡ ಕಾರಣ, ಅಲ್ಲಿಗೆ ಬರುತ್ತಿದ್ದ ವಿಮಾನಗಳನ್ನು ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣಕ್ಕೆ ತಿರುಗಿಸಲಾಯಿತು. ಅಲ್ಲಿದ್ದುದು ಒಂದೇ ರನ್‌ವೇ. ಪಕ್ಕದ ಟ್ಯಾಕ್ಸಿವೇಯಲ್ಲಿ ವಿಮಾನಗಳು ಸಾಲಾಗಿ ನಿಂತಿದ್ದವು. ಹೀಗಾಗಿ ಹೊರಡಬೇಕಾದ ವಿಮಾನಗಳು ರನ್‌ವೇಯ ಮೇಲೆಯೇ ಸಾಗಿ ತುದಿಯನ್ನು ತಲುಪಬೇಕಾಯಿತು. ನೆಲಮಟ್ಟಕ್ಕಿಳಿದ ಮೋಡದಿಂದಾಗಿ ನಿಯಂತ್ರಣ ಗೋಪುರದಲ್ಲಿದ್ದವರಿಗೆ ವಿಮಾನಗಳು ಕಾಣುತ್ತಿರಲಿಲ್ಲ, ವಿಮಾನಗಳಿಗೆ ಪರಸ್ಪರ ಕಾಣುತ್ತಿರಲಿಲ್ಲ. ಆ ನಿಲ್ದಾಣದಲ್ಲಿ ನೆಲದ ಮೇಲಿನ ಸಂಚಾರವನ್ನು ತೋರಿಸುವ ರಾಡಾರ್ ಸಹ ಇರಲಿಲ್ಲ.

ನೆದರ್ಲ್ಯಾಂಡ್ಸ್‌ನ ಕೆಎಲ್ಎಂ ಸಂಸ್ಥೆಯ ಬೋಯಿಂಗ್ 747 ರನ್‌ವೇಯ ತುದಿಯಲ್ಲಿ ತಿರುಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯ ಮತ್ತೊಂದು 747 ಅದೇ ರನ್‌ವೇಯಲ್ಲಿ ಇನ್ನೂ ಸಾಗುತ್ತಿತ್ತು. ಕೆಎಲ್ಎಂ ಸಹ ಚಾಲಕರು ತಾವು ಸಿದ್ಧರಿರುವುದನ್ನೂ ಮಾರ್ಗದ ಅನುಮತಿಗಾಗಿ ಕಾಯುತ್ತಿರುವುದನ್ನೂ ಒಂದೇ ಉಸಿರಿನಲ್ಲಿ ತಿಳಿಸಿದರು. ನಿಯಂತ್ರಕರು ಮಾರ್ಗದ ಅನುಮತಿಯನ್ನು ಮಾತ್ರ ನೀಡಿದರು. ಆದರೆ ಟೇಕ್‌ಆಫ್ ನಂತರ ಬಲಕ್ಕೆ ತಿರುಗಬೇಕೆಂಬ ಸೂಚನೆ ಅದರಲ್ಲಿದ್ದುದರಿಂದ "ಟೇಕ್‌ಆಫ್" ಎಂಬ ಪದ ಆ ವಾಕ್ಯದೊಳಗೆ ಬಂದಿತ್ತು. ಸಹ ಚಾಲಕರು ಪುನರುಚ್ಚಾರ ಮುಗಿಸುವ ಮುನ್ನವೇ ಮುಖ್ಯ ಚಾಲಕರು ವಿಮಾನವನ್ನು ಓಡಿಸಲಾರಂಭಿಸಿದರು. ಪುನರುಚ್ಚಾರದ ಕೊನೆಗೆ ಸಹ ಚಾಲಕರು ಸೇರಿಸಿದ ಮಾತನ್ನು "ಟೇಕ್‌ಆಫ್ ಸ್ಥಾನದಲ್ಲಿದ್ದೇವೆ" ಎಂದೂ "ಟೇಕ್‌ಆಫ್ ಮಾಡುತ್ತಿದ್ದೇವೆ" ಎಂದೂ ಅರ್ಥೈಸಬಹುದಾಗಿತ್ತು. ನಿಯಂತ್ರಕರು ಮೊದಲನೆಯ ಅರ್ಥವನ್ನು ತೆಗೆದುಕೊಂಡರು. "ಓಕೆ" ಎಂದು, ಬಳಿಕ ಕಾಯುವಂತೆ ಸೂಚಿಸಿದರು. ಅದೇ ಕ್ಷಣದಲ್ಲಿ ಪ್ಯಾನ್ ಆಮ್ ಚಾಲಕರು ತಾವಿನ್ನೂ ರನ್‌ವೇಯಲ್ಲಿರುವುದಾಗಿ ಹೇಳಿದರು. ಎರಡು ಪ್ರಸಾರಗಳು ಒಂದರ ಮೇಲೊಂದು ಬಿದ್ದು, ಕೆಎಲ್ಎಂ ಚಾಲಕರ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಎಂಬ ಪದವಷ್ಟೇ. ನಂತರ ವಿಮಾನದ ಎಂಜಿನಿಯರ್, ಮುಂದಿನ ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಸಂದೇಹ ವ್ಯಕ್ತಪಡಿಸಿದರೂ ಮುಖ್ಯ ಚಾಲಕರು ಬಿಟ್ಟಿದೆಯೆಂದು ದೃಢವಾಗಿ ಉತ್ತರಿಸಿದರು. ಡಿಕ್ಕಿಯಲ್ಲಿ 583 ಜನ ಮೃತಪಟ್ಟರು. ಬದುಕುಳಿದವರು 61 ಜನ, ಅವರೆಲ್ಲರೂ ಪ್ಯಾನ್ ಆಮ್ ವಿಮಾನದವರು.

ಮುಖ್ಯ ಚಾಲಕರು ತಮ್ಮ ಸಂಸ್ಥೆಯ ಹಿರಿಯ ತರಬೇತುದಾರರಾಗಿದ್ದರು. ಅನುಕರಣ ಯಂತ್ರದ ತರಬೇತಿಯಲ್ಲಿ ಪ್ರತ್ಯೇಕ ನಿಯಂತ್ರಕರಿರುವುದಿಲ್ಲ. ತರಬೇತುದಾರರೇ ಅನುಮತಿಗಳನ್ನು ನೀಡುತ್ತಾರೆ. ಈ ಅಭ್ಯಾಸದ ಪ್ರಭಾವವನ್ನು ಸ್ಪೇನ್‌ನ ತನಿಖಾ ವರದಿಯೂ ಗಮನಿಸಿತು. ಆ ವರದಿಯು ಅನುಮತಿಯಿಲ್ಲದೆ ಓಟ ಆರಂಭಿಸಿದ್ದನ್ನು ಮೂಲ ಕಾರಣವೆಂದು ಹೇಳಿದರೆ, ನೆದರ್ಲ್ಯಾಂಡ್ಸ್‌ನ ಅಧಿಕಾರಿಗಳು ಇದು ಉಭಯ ಕಡೆಯ ತಪ್ಪು ಗ್ರಹಿಕೆಯೆಂದು ವಾದಿಸಿದರು. ಹೊಣೆಗಾರಿಕೆಯ ವಿಷಯದಲ್ಲಿ ಮೊದಲನೆಯದೇ ಬಲವಾದ ನಿಲುವು. ಆದರೆ ಮುಂದಿನ ಅಪಘಾತಗಳನ್ನು ತಡೆಯುವಲ್ಲಿ ಎರಡನೆಯ ವಾದವೇ ಹೆಚ್ಚು ಉಪಯೋಗಕ್ಕೆ ಬಂದಿತೆನ್ನಬಹುದು. ಅಂದಿನಿಂದ "ಟೇಕ್‌ಆಫ್" ಪದವನ್ನು ಆ ಅನುಮತಿ ನೀಡುವಾಗ ಅಥವಾ ರದ್ದುಪಡಿಸುವಾಗ ಮಾತ್ರ ಬಳಸುವ, ಉಳಿದೆಡೆ "ಡಿಪಾರ್ಚರ್" ಎನ್ನುವ ಪದ್ಧತಿ ಜಾರಿಗೆ ಬಂದಿತು.

ಅಂಕಿಗಳ ಗೊಂದಲ

ಪದಗಳ ಗೊಂದಲ ನಿವಾರಣೆಯಾದರೂ ಅಂಕಿಗಳ ಗೊಂದಲ ಉಳಿದಿದೆ. 2009ರ ಜುಲೈನಲ್ಲಿ ಲಂಡನ್ ಸಿಟಿ ನಿಲ್ದಾಣದಿಂದ ಹೊರಟ ಸಣ್ಣ ಜೆಟ್ ವಿಮಾನವೊಂದಕ್ಕೆ 3,000 ಅಡಿ ಎತ್ತರದ ಅನುಮತಿ ನೀಡಲಾಗಿತ್ತು. ಚಾಲಕರು 4,000 ಅಡಿ ಎಂದು ಪುನರುಚ್ಚರಿಸಿದರು. ನಿಯಂತ್ರಕರ ಗಮನಕ್ಕೆ ಅದು ಬರಲಿಲ್ಲ. ಹೀಥ್ರೂ ನಿಲ್ದಾಣಕ್ಕೆ ಇಳಿಯುತ್ತಿದ್ದ ಬೋಯಿಂಗ್ 777 ವಿಮಾನದ ಸಮೀಪಕ್ಕೆ ಅದು ಏರಿಹೋಯಿತು. ನಿರ್ಗಮನ ಮಾರ್ಗದ ನಕ್ಷೆಯಲ್ಲಿ ಎತ್ತರವನ್ನು ಹಂತ ಹಂತವಾಗಿ ಮುದ್ರಿಸಿದಾಗ, ಮೊದಲ ಹಂತವನ್ನು ಬಿಟ್ಟು ಅಂತಿಮ ಹಂತವನ್ನೇ ಓದಿಕೊಳ್ಳುವ ಅಪಾಯವಿದೆ. ಅಂತಹ ಸಂದರ್ಭದಲ್ಲಿ ದೋಷ ಓದಿದವರದೆಂದು ಮಾತ್ರ ಹೇಳುವುದು ನ್ಯಾಯಸಮ್ಮತವಲ್ಲ. ನಕ್ಷೆ ರೂಪಿಸಿದವರಿಗೂ ಅದರಲ್ಲಿ ಪಾಲಿದೆ.

ಭಾರತವು ಇಂತಹ ಗೊಂದಲಕ್ಕೆ ತೆತ್ತ ಬೆಲೆ ಅಪಾರ. 1996ರ ನವೆಂಬರ್ 12ರಂದು ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಝಕಿಸ್ತಾನದ ವಿಮಾನಕ್ಕೆ 15,000 ಅಡಿ ನಿಗದಿಯಾಗಿತ್ತು. ಕಝಕ್ ವಿಮಾನವು ತನಗೆ ನಿಗದಿಯಾದ ಮಟ್ಟಕ್ಕಿಂತ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸಂಭವಿಸಿದ ಡಿಕ್ಕಿಯಲ್ಲಿ ಎರಡೂ ವಿಮಾನಗಳಲ್ಲಿದ್ದ 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ತದನಂತರ ದೆಹಲಿಯಲ್ಲಿ ಬರುವ ಮತ್ತು ಹೊರಡುವ ವಿಮಾನಗಳ ಮಾರ್ಗಗಳನ್ನು ಪ್ರತ್ಯೇಕಿಸಲಾಯಿತು. ಡಿಕ್ಕಿ ತಡೆ ಎಚ್ಚರಿಕೆಯ ಉಪಕರಣವನ್ನು ಕಡ್ಡಾಯಗೊಳಿಸಲಾಯಿತು.

ಚಾಲಕರ ತಪ್ಪಿಲ್ಲದೆಯೂ ಇಂತಹ ಸಂದರ್ಭ ಒದಗಬಹುದು. 2022ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಉತ್ತರ ಮತ್ತು ದಕ್ಷಿಣ ರನ್‌ವೇಗಳಿಂದ ಎರಡು ದೇಶೀಯ ವಿಮಾನಗಳು ಹೆಚ್ಚುಕಡಿಮೆ ಏಕಕಾಲಕ್ಕೆ, ಒಂದೇ ದಿಕ್ಕಿನಲ್ಲಿ ಮೇಲೇರಿ ಪರಸ್ಪರ ಸಮೀಪಿಸಿದವು. ರನ್‌ವೇ ಬಳಕೆಯ ಬದಲಾವಣೆ ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಿರಲಿಲ್ಲವೆಂದು ವರದಿಯಾಯಿತು. ಇಬ್ಬರು ಚಾಲಕರೂ ತಮಗೆ ದೊರೆತ ಅನುಮತಿಯನ್ನೇ ಪಾಲಿಸಿದ್ದರು. ರಾಡಾರ್ ನಿಯಂತ್ರಕರೊಬ್ಬರು ಸಕಾಲದಲ್ಲಿ ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು.

ಪಠ್ಯ ಸಂದೇಶ ಪರಿಹಾರವೇ?

ಪ್ರಮುಖ ನಿಲ್ದಾಣಗಳಲ್ಲಿ ಮಾರ್ಗದ ಅನುಮತಿಯನ್ನು ಮಾತಿನ ಬದಲು ಪಠ್ಯ ಸಂದೇಶವಾಗಿ ಕಳುಹಿಸುವ ವ್ಯವಸ್ಥೆಯಿದೆ. ಉಚ್ಚಾರಣೆಯಿಂದಾಗುವ ತಪ್ಪು ಇದರಿಂದ ನಿವಾರಣೆಯಾಗುತ್ತದೆ. ಆದರೆ ಮೊದಲೇ ಸಲ್ಲಿಸಿದ ಮಾರ್ಗವು ವಿಮಾನದ ಗಣಕದಲ್ಲಿ ದಾಖಲಾಗಿರುವುದರಿಂದ, ಬದಲಾದ ಮಾರ್ಗ ಬಂದಾಗಲೂ ಚಾಲಕರ ಕಣ್ಣು ಪರಿಚಿತ ಹೆಸರುಗಳ ಮೇಲೆಯೇ ಹಾಯ್ದು, ಬದಲಾದ ಒಂದು ಬಿಂದುವನ್ನು ಬಿಟ್ಟುಬಿಡಬಹುದು. ನಿರ್ಗಮನ ಮಾರ್ಗಗಳ ಹೆಸರುಗಳಾದರೂ ಒಂದು ಪದ, ಒಂದು ಅಂಕಿ, ಒಂದು ಅಕ್ಷರದ ಜೋಡಣೆ. ಒಂದೇ ರನ್‌ವೇಯ ಎರಡು ಮಾರ್ಗಗಳ ನಡುವಿನ ವ್ಯತ್ಯಾಸ ಕೊನೆಯ ಅಕ್ಷರವಷ್ಟೇ ಆಗಿರಬಹುದು. ಆದುದರಿಂದ ಒಬ್ಬರು ಸಂದೇಶವನ್ನು ಓದಿ, ಮತ್ತೊಬ್ಬರು ಸ್ವತಂತ್ರವಾಗಿ ನಕ್ಷೆ ಹಾಗೂ ಗಣಕದೊಂದಿಗೆ ಹೋಲಿಸುವ ಕ್ರಮವನ್ನು ವಿಮಾನ ಸಂಸ್ಥೆಗಳು ಅನುಸರಿಸುತ್ತವೆ.

ಅರ್ಜಿದಾರರ ಗಮನಕ್ಕೆ

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸೇರಿದಂತೆ ಯಾವುದೇ ಸಂಸ್ಥೆಯಲ್ಲಿ ತರಬೇತಿ ಪಡೆಯಬಯಸುವವರು ಈ ಹಿನ್ನೆಲೆಯಲ್ಲಿ ರೇಡಿಯೋ ಭಾಷೆಯ ಅಭ್ಯಾಸಕ್ಕೆ ಆದ್ಯತೆ ನೀಡುವುದು ಸೂಕ್ತ. "ತ್ರೀ" ಎಂಬುದನ್ನು "ಟ್ರೀ" ಎಂದೂ "ಫೈವ್" ಎಂಬುದನ್ನು "ಫೈಫ್" ಎಂದೂ "ನೈನ್" ಎಂಬುದನ್ನು "ನೈನರ್" ಎಂದೂ ಹೇಳುವುದು ಒಣ ಆಡಂಬರವಲ್ಲ. ಗದ್ದಲದ ನಡುವೆ ಅಂಕಿಗಳು ಬೆರೆಯದಂತೆ ಮಾಡಿದ ಏರ್ಪಾಡು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಭಾಷಾ ಸಾಮರ್ಥ್ಯದ ನಿಯಮಗಳು 2008ರ ಮಾರ್ಚ್‌ನಿಂದ ಅನ್ವಯವಾಗಿದ್ದು, ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ 4ನೇ ಹಂತದ ಸಾಮರ್ಥ್ಯ ಅವಶ್ಯಕ.

ರೇಡಿಯೋ ದೂರವಾಣಿ ಪ್ರಮಾಣಪತ್ರವನ್ನು ಹಿಂದೆ ಕೇಂದ್ರ ದೂರಸಂಪರ್ಕ ಇಲಾಖೆಯು ನೀಡುತ್ತಿತ್ತು. ಭಾರತೀಯ ವಾಯುಯಾನ ಅಧಿನಿಯಮ, 2024 ದಿನಾಂಕ 1-1-2025ರಿಂದ ಜಾರಿಗೆ ಬಂದಿದ್ದು, ಈ ಅಧಿಕಾರವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವಹಿಸಲು ಅದರಲ್ಲಿ ಅವಕಾಶ ಕಲ್ಪಿಸಲಾಗಿದೆ. ಹಳೆಯ ಕೈಪಿಡಿಗಳಲ್ಲಿ ಇನ್ನೂ ಹಿಂದಿನ ವಿಳಾಸವೇ ಮುದ್ರಿತವಾಗಿರುವುದುಂಟು. ಅರ್ಜಿ ಸಲ್ಲಿಸುವ ಮುನ್ನ ಮಹಾನಿರ್ದೇಶನಾಲಯದ ಇತ್ತೀಚಿನ ಸೂಚನೆಗಳನ್ನು ಪರಿಶೀಲಿಸತಕ್ಕದ್ದು.